ಅರ್ಧ ಖೋ

ಏಳೂಮುಕ್ಕಾಲಿನ ಬಸ್ಸು ಹೊರಟುಹೋಗುವ ತನಕ ಚಾಮುಂಡಿ ಚೆಂಡುಹೂವಿನ ಮೂಟೆಗಳ ಹಿಂದೆಯೇ ನಿಂತಿದ್ದಳು. ಆ ಬಸ್ಸಿಗೇ ಹೋಗಬೇಕು, ಹತ್ತಿದ ಕೂಡಲೇ ಶಿವರಂಜಿನಿಯ ಪಕ್ಕದಲ್ಲಿ ಕೂತು ಹೇಳಿಬಿಡಬೇಕು ಎಂದು ಐದಕ್ಕೇ ಎದ್ದು, ನೀರು ಕಾಯುವುದಕ್ಕೂ ಬಿಡದೆ ಮುಖ ತೊಳೆದು, ಒಂದು ಜಡೆ ಬಿಗಿಯಾಗಿ ಇನ್ನೊಂದು ಸಡಿಲವಾಗಿ ಹೆಣೆದುಕೊಂಡು ತೆರಕಣಾಂಬಿಯ ಸ್ಟ್ಯಾಂಡಿಗೆ ಓಡಿ ಬಂದಿದ್ದಳು. ಆದರೆ ದನದ ಆಸ್ಪತ್ರೆಯ ತಿರುವಿನಲ್ಲಿ ಶಿವರಂಜಿನಿಯ ನೀಲಿ ಲಂಗ ಕಂಡದ್ದೇ ತಡ, ಕಾಲುಗಳು ಅವಳನ್ನು ಕೇಳದೆ ಹಿಂದಕ್ಕೆ ಸರಿದವು. ಕೇರಳದ ಲಾರಿಗೆ ಕಾದಿದ್ದ ಮೂಟೆಗಳು ಆಳೆತ್ತರ ಇದ್ದವು. ರಾತ್ರಿಯ ಇಬ್ಬನಿ ಕುಡಿದು ಒಳಗೊಳಗೇ ಬೆಚ್ಚಗಾಗಿ ಕಹಿ ಘಾಟು ಬಿಡುತ್ತಿದ್ದವು. ಆ ಘಾಟು ಅವಳ ಮೈಯದೂ ಹೌದು. ಶನಿವಾರ, ಭಾನುವಾರ ಎರಡೂ ದಿನ ಅವ್ವನ ಜೊತೆ ಹೊಲದಲ್ಲಿ ಹೂ ಬಿಡಿಸಿ ಬೆರಳ ಸಂದುಗಳೆಲ್ಲ ಕಪ್ಪಾಗಿದ್ದವು, ಸೋಪು ಹಾಕಿ ಉಜ್ಜಿದರೂ ಹೋಗಿರಲಿಲ್ಲ. ಮೂಟೆಗಳ ಸಂದಿಯಿಂದ ನೋಡಿದಳು. ಶಿವರಂಜಿನಿ ಹತ್ತಿದಳು, ಕಿಟಕಿಯ ಪಕ್ಕ ಕೂತಳು, ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮೊದಲಾಗಿದ್ದರೆ ಅದನ್ನು ಪಕ್ಕದ ಸೀಟಿನ ಮೇಲೆ ಇಡುತ್ತಿದ್ದಳು; ಯಾರಾದರೂ ಕೇಳಿದರೆ ಆಳು ಬತ್ತದೆ ಅನ್ನುತ್ತಿದ್ದಳು. ಎರಡು ವರ್ಷ ಆ ಆಳು ತಾನಾಗಿದ್ದೆ ಎಂಬುದು ಚಾಮುಂಡಿಗೆ ಈಗ ಯಾರದೋ ವಿಷಯದ ಹಾಗೆ ನೆನಪಾಯಿತು.

ಎಂಟೂವರೆಯ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಮೇಲಿನ ಸರಳು ಹಿಡಿದು, ಯಾರದೋ ಟೊಮೇಟೊ ಬುಟ್ಟಿಗೆ ಮೊಣಕಾಲು ತಾಕದಂತೆ ನಿಂತುಕೊಂಡು ಗುಂಡ್ಲುಪೇಟೆಯ ತನಕ ಅವಳು ಒಂದೇ ಮಾತನ್ನು ಹತ್ತು ರೀತಿ ಜೋಡಿಸಿದಳು. ನಾ ಮುಟ್ಟಿದ್ದೆ ಕಣಮ್ಮಿ. ನಾ ಮುಟ್ಟಿದ್ದೆ, ಆದ್ರ ಬಾಯಿ ಬರ್ಲಿಲ್ಲ. ಎರಡನೆಯದು ಸುಳ್ಳು. ಬಾಯಿ ಬಂದಿತ್ತು. ಉಸಿರು ಗಂಟಲಿನ ತನಕ ಬಂದು ನಿಂತಿತ್ತು; ನಿಲ್ಲಿಸಿದವಳು ತಾನೇ. ನಿಲ್ಲಿಸಿದೆನೇ, ನಿಂತಿತೇ ಎಂದು ಶುಕ್ರವಾರದಿಂದ ಲೆಕ್ಕವಿಲ್ಲದಷ್ಟು ಸಲ ಕೇಳಿಕೊಂಡಿದ್ದಳು. ಹೂ ಬಿಡಿಸುವಾಗ ಕೇಳಿಕೊಂಡಳು, ಅಪ್ಪ ರಂಗನಾಯಕ ಊರವರಿಗೆಲ್ಲ ಮಗಳು ಮೈಸೂರಿಗೆ ಆಡೋಕೆ ಹೋಗ್ತಾಳೆ ಎಂದು ಹೇಳಿಕೊಂಡು ಬರುವಾಗಲೂ ಕೇಳಿಕೊಂಡಳು. ಉತ್ತರ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಬೇರೆಯಾಗಿರುತ್ತಿತ್ತು. ಅದಕ್ಕೇ ಅದನ್ನು ನಂಬುವ ಹಾಗಿರಲಿಲ್ಲ.

ಖೋ ಖೋ ಅವರಿಬ್ಬರಿಗೂ ಒಟ್ಟಿಗೇ ಹಿಡಿದ ಹುಚ್ಚು. ಆರನೇ ಕ್ಲಾಸಿನಲ್ಲಿ, ತೆರಕಣಾಂಬಿಯ ಹಳೇ ಕೋಟೆ ಗೋಡೆಯ ಪಕ್ಕದ ಬಯಲಿನಲ್ಲಿ, ಎಂಟು ಹುಡುಗಿಯರು ಸಾಲಾಗಿ ಒಬ್ಬಳು ಆ ಕಡೆಗೆ ಒಬ್ಬಳು ಈ ಕಡೆಗೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂರುವುದು, ಒಂಬತ್ತನೆಯವಳು ಎದುರು ತಂಡದ ಹುಡುಗಿಯನ್ನು ಅಟ್ಟಿಸಿಕೊಂಡು ಓಡುವುದು, ದಣಿದರೆ, ಇಲ್ಲವೇ ಓಡುವವಳು ಸಾಲು ದಾಟಿ ಆಚೆಗೆ ಹೋದರೆ, ಕೂತವಳ ಬೆನ್ನು ಮುಟ್ಟಿ ಖೋ ಎಂದು ಕೂಗಿ ಅವಳ ಜಾಗದಲ್ಲಿ ಕೂರುವುದು. ಕೂಗು ಕೇಳಿದ ಮೇಲಷ್ಟೇ ಕೂತವಳು ಏಳಬೇಕು. ಮೊದಲೇ ಎದ್ದರೆ ಫೌಲು. ಚಾಮುಂಡಿ ಖೋ ಕೊಟ್ಟರೆ ಶಿವರಂಜಿನಿ ಬಿಟ್ಟ ಬಾಣದ ಹಾಗೆ ಏಳುತ್ತಿದ್ದಳು. ಹೈಸ್ಕೂಲಿಗೆ ಗುಂಡ್ಲುಪೇಟೆಗೆ ಬಂದಾಗ ಡ್ರಿಲ್ ಮೇಷ್ಟ್ರು ಬಸವಯ್ಯನವರು ಅದನ್ನು ನೋಡಿ, ಇವರಿಬ್ಬರನ್ನು ಅಕ್ಕಪಕ್ಕದಲ್ಲಿ ಕೂರಿಸಬೇಡಿ, ಒಬ್ಬಳು ಈ ತುದಿಯ ಕಂಬದ ಹತ್ತಿರ, ಒಬ್ಬಳು ನಡುವೆ, ಆಗ ನೋಡಿ ಮಜಾ ಎಂದಿದ್ದರು. ಒಂಬತ್ತನೇ ಕ್ಲಾಸಿನಲ್ಲಿ ತಾಲ್ಲೂಕು ಗೆದ್ದರು. ಆಗ ಬರುವಾಗ ಬಸ್ಸಿನಲ್ಲಿ ಶಿವರಂಜಿನಿ ಅವಳ ಭುಜದ ಮೇಲೆ ನಿದ್ದೆ ಮಾಡಿದ್ದಳು, ಜೊಲ್ಲು ಸುರಿದು ಚಾಮುಂಡಿಯ ಅಂಗಿಯ ತೋಳು ಒದ್ದೆಯಾಗಿತ್ತು. ಭುಜ ಜೋಮು ಹಿಡಿದರೂ ಅವಳು ಅಲುಗಿರಲಿಲ್ಲ.

ಈ ವರ್ಷ ಜೂನಿನಲ್ಲಿ ಮೇಘನಾ ಬಂದಳು. ಅವಳ ಅಪ್ಪ ಸುನೀಲ್ ಕುಮಾರ್ ಅವರಿಗೆ ಮೈಸೂರಿನಿಂದ ಗುಂಡ್ಲುಪೇಟೆಯ ಬ್ಯಾಂಕಿಗೆ ವರ್ಗವಾಗಿತ್ತು. ಬಂದ ಮೂರನೇ ದಿನ ಅವಳು ಶಿವರಂಜಿನಿಯ ಹತ್ತಿರ, ನಿನ್ನ ಅಕ್ಷರ ಎಷ್ಟು ಚೆನ್ನಾಗಿದೆ, ಸೈನ್ಸ್ ನೋಟ್ಸ್ ಕೊಡ್ತೀಯಾ ಎಂದು ಕೇಳಿದಳು. ಶಿವರಂಜಿನಿಯ ಅಕ್ಷರ ಚೆನ್ನಾಗಿದೆ ಎಂದು ಚಾಮುಂಡಿಗೆ ಅಲ್ಲಿಯ ತನಕ ಹೊಳೆದೇ ಇರಲಿಲ್ಲ. ಐದು ವರ್ಷದಿಂದ ನೋಡುತ್ತಿದ್ದೂ ಅದನ್ನು ಹೇಳಬೇಕೆಂದು ಅನ್ನಿಸಿರಲಿಲ್ಲ. ಮೇಘನಾಳ ತಾಯಿ ಲೆಕ್ಕ ಚೆನ್ನಾಗಿ ಬಲ್ಲವರು, ಮಗಳ ಜೊತೆ ಶಿವರಂಜಿನಿಗೂ ಸ್ಕೂಲಿಗೆ ಮೊದಲು ಒಂದು ಗಂಟೆ, ಬಿಟ್ಟ ಮೇಲೆ ಒಂದು ಗಂಟೆ ಹೇಳಿಕೊಡತೊಡಗಿದರು. ಹಾಗಾಗಿ ಅವಳು ಬೆಳಿಗ್ಗೆ ಮುಂಚಿನ ಬಸ್ಸಿಗೆ ಹೋಗಿ ಸಂಜೆ ತಡವಾದ ಬಸ್ಸಿಗೆ ಬರುವಂತಾಯಿತು. ಇದರಲ್ಲಿ ಯಾರದೂ ತಪ್ಪಿರಲಿಲ್ಲ. ಶಿವರಂಜಿನಿಯೇ, ನೀನೂ ಬಾ ಅಂದಿದ್ದಳು. ಚಾಮುಂಡಿ, ನಂಗೆ ಹೂ ಬಿಡಿಸೋದದೆ ಅಂದಿದ್ದಳು. ಎರಡನೇ ಸಲ ಕರೆಯಲಿ ಎಂದು ಕಾದಳು. ಅವಳು ಕರೆಯಲಿಲ್ಲ.

ಆಗಸ್ಟಿನಲ್ಲಿ ಮೇಘನಾಳ ಹುಟ್ಟುಹಬ್ಬ. ಕ್ಲಾಸಿನ ಹತ್ತು ಹುಡುಗಿಯರನ್ನು ಕರೆದಿದ್ದಳು, ಚಾಮುಂಡಿಯನ್ನೂ. ಬಾಡಿಗೆ ಮನೆ, ಹಳದಿ ಗೋಡೆ, ಶೋಕೇಸಿನಲ್ಲಿ ಗಾಜಿನ ಬಾತುಕೋಳಿಗಳು. ಚಾಮುಂಡಿ ಗೋಡೆಗೆ ಒರಗದಂತೆ, ಕೈಗಳನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದಳು. ಕಾಗದದ ತಟ್ಟೆ ಕೊಡುವಾಗ ಮೇಘನಾಳ ತಾಯಿ ಅವಳ ಬೆರಳು ನೋಡಿ, ಮೆಹಂದಿ ಹಾಕಿದ್ದೀಯಾ ಎಂದು ಪ್ರೀತಿಯಿಂದಲೇ ಕೇಳಿದರು. ಚಾಮುಂಡಿ ಹೂಂ ಎಂದಳು. ಖಾರಾಬೂಂದಿ ತಿಂದು ಎಲ್ಲರಿಗೂ ಬಾಯಾರಿತು. ಆಗ ಶಿವರಂಜಿನಿ ಎದ್ದು ನೇರ ಅಡುಗೆಮನೆಗೆ ಹೋದಳು, ಯಾರನ್ನೂ ಕೇಳಲಿಲ್ಲ, ಫ್ರಿಜ್ಜಿನ ಬಾಗಿಲು ತೆಗೆದು ಬಾಟಲಿ ಎತ್ತಿ ಕುಡಿದು, ಬಾಯಿ ಒರೆಸಿಕೊಂಡು, ಬಾಗಿಲನ್ನು ಮೊಣಕೈಯಿಂದ ಮುಚ್ಚಿದಳು. ಅಷ್ಟೇ ನಡೆದದ್ದು. ಆ ಮೊಣಕೈ ಚಾಮುಂಡಿಯ ಎದೆಗೇ ಬಡಿದಂತಾಯಿತು. ಆ ಬಾಗಿಲು ಎಷ್ಟು ನೂಕಿದರೆ ಮುಚ್ಚುತ್ತದೆಂದು ಶಿವರಂಜಿನಿಗೆ ಗೊತ್ತಿತ್ತು. ಗೊತ್ತಾಗಬೇಕಾದರೆ ಎಷ್ಟು ಸಲ ತೆಗೆದಿರಬೇಕು, ಎಷ್ಟು ಸಂಜೆ ಆ ಮನೆಯಲ್ಲಿ ಹೀಗೆ ಓಡಾಡಿರಬೇಕು. ಚಾಮುಂಡಿ ತನ್ನ ಕೇಕನ್ನು ಪುಟ್ಟ ತಂಗಿಗೆಂದು ಹೇಳಿ ಕಾಗದದಲ್ಲಿ ಸುತ್ತಿಕೊಂಡಳು, ಅವಳಿಗೆ ತಂಗಿ ಇರಲಿಲ್ಲ. ಶಿವರಂಜಿನಿಗೆ ಅದು ಗೊತ್ತಿತ್ತು.

ಆಮೇಲೆ ಮೊನ್ನೆಯ ಶುಕ್ರವಾರ. ಚಾಮರಾಜನಗರದ ಮೈದಾನ, ಸುಣ್ಣದ ಗೆರೆಗಳು, ಸಂತೆಮರಹಳ್ಳಿ ಕಡೆಯ ತಂಡದ ಜೊತೆ ಜಿಲ್ಲಾ ಮಟ್ಟದ ಕೊನೆಯ ಆಟ. ಇನ್ನೊಬ್ಬಳನ್ನು ಔಟ್ ಮಾಡಿದರೆ ಸಮ, ಇಬ್ಬರಾದರೆ ಗೆಲುವು, ಉಳಿದದ್ದು ಒಂದು ನಿಮಿಷಕ್ಕಿಂತ ಕಡಿಮೆ. ಚಾಮುಂಡಿ ಅಟ್ಟುತ್ತಿದ್ದಳು. ಬರಿಗಾಲಿಗೆ ಮಣ್ಣು ಸುಡುತ್ತಿತ್ತು. ಎದುರಿನ ಹುಡುಗಿ ಸಾಲಿನ ನಡುವೆ ನುಸುಳಿ ಆಚೆ ಕಡೆಗೆ ಹೊರಳಿದಳು, ಅವಳು ಹೊರಳಿದ್ದು ಸರಿಯಾಗಿ ಶಿವರಂಜಿನಿಯ ಮುಖದ ಎದುರಿಗೆ. ಶಿವರಂಜಿನಿ ಎದ್ದು ಕೈಚಾಚಿದರೆ ಸಾಕು, ಸಿಕ್ಕಿಬಿಡುತ್ತಿದ್ದಳು. ಚಾಮುಂಡಿ ಅವಳ ಬೆನ್ನ ಹಿಂದೆ ಬಂದಳು. ಬೆನ್ನು ಕಂಡಿತು, ಬೆವರಿಗೆ ಅಂಟಿದ ಅಂಗಿ ಕಂಡಿತು, ಎರಡು ಜಡೆಗಳ ನಡುವಿನ ಬೈತಲೆಯ ತುದಿಯಲ್ಲಿ ಮೇಘನಾ ಕೊಟ್ಟಿದ್ದ ಚಿಟ್ಟೆಯ ಕ್ಲಿಪ್ಪು ಕಂಡಿತು. ಕೈ ಹೋಗಿ ಬೆನ್ನನ್ನು ಮುಟ್ಟಿತು. ಖೋ ಬರಲಿಲ್ಲ. ಶಿವರಂಜಿನಿ ಎದ್ದೇಬಿಟ್ಟಳು, ಸೀಟಿ ಊದಿದರು. ಫೌಲು. ಆಟ ನಿಂತು ಮತ್ತೆ ಶುರುವಾಗುವಷ್ಟರಲ್ಲಿ ಎದುರಿನ ಹುಡುಗಿ ಕಂಬದ ಆಚೆಗಿದ್ದಳು, ಆಮೇಲೆ ಹೊತ್ತು ಮುಗಿಯಿತು. ಸೋತದ್ದು ಒಂದೇ ಒಂದು ಅಂಕದಲ್ಲಿ.

ಇಷ್ಟೇ ಆಗಿದ್ದರೆ ಅವಳು ಹೇಗೋ ಬದುಕಿಕೊಳ್ಳುತ್ತಿದ್ದಳು; ದಣಿವು, ಗಾಬರಿ, ಉಸಿರು ಸಾಲಲಿಲ್ಲ, ಏನಾದರೊಂದು ಅಂದುಕೊಳ್ಳಬಹುದಿತ್ತು. ಆದರೆ ಬಸವಯ್ಯ ಮೇಷ್ಟ್ರು ಬೆವರೊರೆಸಿಕೊಳ್ಳುತ್ತ ಬಂದು, ಖೋ ಕೊಟ್ಟಿದ್ದೆಯಾ ನೀನು ಎಂದು ಕೇಳಿದರು. ಅವಳು ಇಲ್ಲ ಸಾ ಎಂದಳು. ಅದು ನಿಜವೂ ಆಗಿತ್ತು. ಆ ನಿಜದ ಹಿಂದೆ ಅವಳು ಈಗ ಮೂರು ದಿನದಿಂದ ಮೂಟೆಗಳ ಹಿಂದೆ ನಿಂತ ಹಾಗೆ ನಿಂತಿದ್ದಳು. ಮೇಷ್ಟ್ರು ಶಿವರಂಜಿನಿಯ ಕಡೆಗೆ ತಿರುಗಿ, ಇಡೀ ತಂಡದ ಎದುರು, ಅಷ್ಟೂ ತಾಳ್ಮೆ ಇಲ್ಲದಿದ್ದರೆ ಆಡೋಕೆ ಯಾಕೆ ಬತ್ತೀರಿ, ಟ್ಯೂಷನ್ನಿಗೆ ಹೋಗಿ ಎಂದರು. ಶಿವರಂಜಿನಿ ತಲೆ ಎತ್ತಿ ಮೇಷ್ಟ್ರನ್ನು ನೋಡಿದಳು, ಚಾಮುಂಡಿಯನ್ನು ನೋಡಿದಳು, ಮತ್ತೆ ತನ್ನ ಮಂಡಿಯ ಮಣ್ಣು ಕೊಡವಿಕೊಂಡಳು. ಸಂಜೆ ಮೈಸೂರಿನ ವಿಭಾಗದ ಆಟಕ್ಕೆ ಜಿಲ್ಲೆಯಿಂದ ಹೋಗುವ ಹುಡುಗಿಯರ ಹೆಸರು ಓದಿದರು. ಗುಂಡ್ಲುಪೇಟೆಯಿಂದ ಇಬ್ಬರು ಎಂದು ಮೇಷ್ಟ್ರು ಬರುವಾಗಲೇ ಹೇಳಿದ್ದರು. ಓದಿದ್ದು ಒಂದೇ ಹೆಸರು.

ಸೋಮವಾರದ ಪ್ರಾರ್ಥನೆಯಲ್ಲಿ ಆ ಹೆಸರನ್ನು ಹೆಡ್‌ಮಿಸ್ಸು ಮತ್ತೊಮ್ಮೆ ಓದಿ ಚಾಮುಂಡಿಯನ್ನು ಮೆಟ್ಟಿಲ ಮೇಲೆ ನಿಲ್ಲಿಸಿದರು. ಮುನ್ನೂರು ಹುಡುಗಿಯರ ಚಪ್ಪಾಳೆ. ಒಂದು ಜಡೆ ಸಡಿಲವಾಗಿ ಬಿಚ್ಚಿಕೊಳ್ಳುತ್ತಿದ್ದುದು ಅವಳಿಗೆ ತಿಳಿಯುತ್ತಿತ್ತು, ಸರಿಮಾಡಿಕೊಳ್ಳಲು ಕೈ ಎತ್ತಿದರೆ ಕಪ್ಪು ಬೆರಳು ಕಾಣುತ್ತಿತ್ತು. ಹತ್ತನೇ ಕ್ಲಾಸಿನ ಸಾಲಿನಲ್ಲಿ ಶಿವರಂಜಿನಿ ಉಳಿದವರಷ್ಟೇ ತಟ್ಟಿದಳು, ಒಂದೂ ಹೆಚ್ಚಿಲ್ಲ ಒಂದೂ ಕಡಿಮೆಯಿಲ್ಲ. ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಿದ್ದವಳು ಮೇಘನಾ. ಅವಳ ಮುಖದಲ್ಲಿ ಇದ್ದದ್ದು ಬರೀ ಸಂತೋಷ. ಅದನ್ನು ನೋಡಿ ಚಾಮುಂಡಿಗೆ, ಇವಳಲ್ಲಿ ಒಂದಾದರೂ ಕೆಟ್ಟದ್ದು ಇದ್ದಿದ್ದರೆ ತನಗೆಷ್ಟು ಸುಲಭವಾಗುತ್ತಿತ್ತು ಅನ್ನಿಸಿತು.

ಮಧ್ಯಾಹ್ನದ ಊಟದ ಬೆಲ್ಲು ಹೊಡೆದಾಗ ಅವಳು ಡಬ್ಬಿ ತೆಗೆಯದೆ ಆಟದ ಸಾಮಾನಿನ ಕೋಣೆಗೆ ಹೋದಳು. ಬಸವಯ್ಯ ಮೇಷ್ಟ್ರು ವಾಲಿಬಾಲಿನ ನೆಟ್ಟನ್ನು ತೊಡೆಯ ಮೇಲೆ ಹರಡಿಕೊಂಡು ಹರಿದ ಕಣ್ಣುಗಳಿಗೆ ದಾರ ಕಟ್ಟುತ್ತಿದ್ದರು. ಮೈಸೂರಿಗೆ ಬಿಳಿ ಶೂ ಬೇಕು, ಅಪ್ಪನಿಗೆ ಹೇಳು ಎಂದರು. ಅವಳು ಬಾಗಿಲಲ್ಲೇ ನಿಂತು ಹೇಳಿದಳು. ಹತ್ತು ರೀತಿ ಜೋಡಿಸಿದ್ದ ಯಾವುದೂ ಬಾಯಿಗೆ ಬರಲಿಲ್ಲ.

"ಸಾ, ಅವತ್ತು ರಂಜಿ ಮೊದ್ಲೇ ಎದ್ದಿಲ್ಲ. ನಾ ಮುಟ್ಟಿದ್ದೆ."

"ಖೋ ಕೊಟ್ಟಿಲ್ಲ ಅಂದ್ಯಲ್ಲಮ್ಮ."

"ಬಾಯಲ್ಲಿ ಅನ್ನಲಿಲ್ಲ. ಕೈಲಿ ಮುಟ್ಟಿದ್ದೆ."

"ಗಾಬರೀಲಿ ಮರ್ತ್ಯಾ?"

ಅವರು ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ ಕೇಳಿದರು. ಆ ಪ್ರಶ್ನೆ ಬಾಗಿಲು ತೆರೆದು ಹಿಡಿದ ಹಾಗಿತ್ತು. ಹೂಂ ಎಂದರೆ ಮುಗಿಯಿತು, ಹೊರಗೆ ಹೋಗಿ ಡಬ್ಬಿ ತೆಗೆದು ಉಣ್ಣಬಹುದು. ಇಲ್ಲ ಸಾ ಎಂದಳು. ಮೂರು ದಿನದಲ್ಲಿ ಪೂರ್ತಿ ನಿಜವಾದ ಮಾತು ಅದೊಂದೇ ಎಂದು ಅವಳಿಗೆ ಆಡಿದ ಮೇಲೆ ತಿಳಿಯಿತು. ಮೇಷ್ಟ್ರು ಯಾಕೆ ಎಂದು ಕೇಳಲಿಲ್ಲ. ನೆಟ್ಟಿನ ಇನ್ನೊಂದು ಕಣ್ಣು ಕಟ್ಟಿ ಮುಗಿಸಿದರು. ಲಿಸ್ಟು ಶನಿವಾರವೇ ಮೈಸೂರಿಗೆ ಹೋಗಿದೆ, ತನ್ನ ಕೈಯಲ್ಲಿಲ್ಲ ಎಂದರು. ಅವಳ ಹೆಸರು ಹೊಡೆದುಹಾಕಿಸುವ ಮನಸ್ಸೂ ತನಗಿಲ್ಲ, ಒಬ್ಬಳದು ಹೊಡೆದರೆ ಇನ್ನೊಬ್ಬಳದು ಬಂದು ಕೂರುವುದಿಲ್ಲ ಎಂದರು. ಆಮೇಲೆ ನೆಟ್ಟನ್ನು ಪಕ್ಕಕ್ಕಿಟ್ಟು ಕಿಟಕಿಯ ಕಡೆ ನೋಡಿದರು. "ಆ ಮಗೀನ ಅಷ್ಟು ಜನದ ಮುಂದೆ ಬೈದ್ಬುಟ್ಟೆ ನಾನು. ಬಸ್ಸಲ್ಲಿ ಬರ್ತಾ ಒಂದು ಮಾತು ಆಡ್ಲಿಲ್ಲ ಅವ್ಳು." ಇಷ್ಟನ್ನು ಅವರು ಚಾಮುಂಡಿಗೆ ಹೇಳಿದ ಹಾಗಿರಲಿಲ್ಲ. ಅವಳು ಇನ್ನೂ ನಿಂತೇ ಇದ್ದುದನ್ನು ನೋಡಿ, ಹೋಗು ಉಣ್ಣೋಗು ಎಂದರು. ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು ಎಂದುಕೊಂಡು ಅವಳು ಮೆಟ್ಟಿಲಿಳಿದಳು. ಹೊಡೆತವಾದರೆ ಅದಕ್ಕೊಂದು ಕೊನೆಯಿರುತ್ತದೆ.

ಕೊನೆಯ ಪೀರಿಯಡ್ಡು ಸಮಾಜ. ಪಾಠದ ನಡುವೆ ಬಸವಯ್ಯ ಮೇಷ್ಟ್ರು ಬಾಗಿಲಲ್ಲಿ ನಿಂತು, ಎರಡು ನಿಮಿಷ ಮೇಡಂ ಎಂದು ಒಳಗೆ ಬಂದರು. ಸೀಟಿಯ ದಾರ ಕೊರಳಲ್ಲೇ ಇತ್ತು. ಶಿವರಂಜಿನಿಯನ್ನು ಏಳಲು ಹೇಳಿದರು. ಅವಳು ಎದ್ದಳು, ಪಕ್ಕದಲ್ಲಿದ್ದ ಮೇಘನಾ ಅವಳ ಲಂಗದ ತುದಿ ಹಿಡಿದುಕೊಂಡದ್ದು ಹಿಂದಿನ ಬೆಂಚಿನಿಂದ ಚಾಮುಂಡಿಗೆ ಕಂಡಿತು. ಮೇಷ್ಟ್ರು ಹೇಳಿದ್ದು ಇಷ್ಟೇ: "ಶುಕ್ರವಾರ ಮೈದಾನದಲ್ಲಿ ನಿನ್ನನ್ನ ಬೈದೆ. ನೀನು ತಪ್ಪು ಮಾಡಿರಲಿಲ್ಲ. ವಿಚಾರಿಸದೆ ಬೈದದ್ದು ನನ್ನ ತಪ್ಪಮ್ಮ." ಯಾರ ಹೆಸರನ್ನೂ ಎತ್ತಲಿಲ್ಲ. ಮೇಷ್ಟ್ರೊಬ್ಬರು ಹುಡುಗಿಯೊಬ್ಬಳಿಗೆ ಹಾಗೆ ಹೇಳಿದ್ದನ್ನು ಕ್ಲಾಸಿನಲ್ಲಿ ಯಾರೂ ಕಂಡಿರಲಿಲ್ಲ. ಶಿವರಂಜಿನಿಯ ಕಿವಿಗಳು ಕೆಂಪಾದದ್ದು ಹಿಂದಿನಿಂದಲೇ ಕಂಡಿತು. ಪರವಾಗಿಲ್ಲ ಸಾ ಎಂದು ಕೂತಳು. ಕೂತು, ಮೆಲ್ಲಗೆ ಹಿಂದಕ್ಕೆ ತಿರುಗಿ ಚಾಮುಂಡಿಯನ್ನು ನೋಡಿದಳು. ಆ ನೋಟದಲ್ಲಿ ಬಿಡುಗಡೆಯೋ ಬೆರಗೋ ಇರಬಹುದೆಂದು ಚಾಮುಂಡಿ ಆಸೆಪಟ್ಟಿದ್ದಳು. ಇದ್ದದ್ದು ಸಿಟ್ಟು. ಶುಕ್ರವಾರ ಮೈದಾನದಲ್ಲಿ ಕೂಡ ಇರದಿದ್ದ ಸಿಟ್ಟು.

ಸಂಜೆ ನಾಲ್ಕೂಮುಕ್ಕಾಲಿನ ಬಸ್ಸನ್ನು ಅವಳು ಬೇಕೆಂದೇ ಬಿಟ್ಟಳು. ಗುಂಡ್ಲುಪೇಟೆಯ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಊಟಿಯ ಬಸ್ಸುಗಳನ್ನೂ ಕೇರಳದ ಬಸ್ಸುಗಳನ್ನೂ ನೋಡಿದಳು. ಪಕ್ಕದಲ್ಲಿ ಮಲಯಾಳದ ಹೆಂಗಸೊಬ್ಬಳು ಮಗುವಿಗೆ ನೇಂದ್ರ ಬಾಳೆ ಸುಲಿದುಕೊಡುತ್ತ, ಸುಲ್ತಾನ್ ಬತ್ತೇರಿ ಬಸ್ಸು ಹೋಯಿತೇ ಎಂದು ತನ್ನ ಭಾಷೆಯಲ್ಲೇ ಕೇಳಿದಳು, ಚಾಮುಂಡಿ ಕೈಯಾಡಿಸಿ ಇನ್ನೂ ಇಲ್ಲ ಎಂದಳು. ಐದೂವರೆ ದಾಟಿದ ಮೇಲೆ ಇಬ್ಬರೂ ಬರುವುದು ಕಂಡಿತು. ಮೇಘನಾ ಪ್ರತಿದಿನ ಸ್ಟ್ಯಾಂಡಿನ ತನಕ ಬಂದು ಕಳಿಸುತ್ತಾಳೆಂಬುದು ಅವಳಿಗೆ ಗೊತ್ತಿರಲಿಲ್ಲ. ಮೂಟೆಗಳಿರಲಿಲ್ಲ, ಇದ್ದಿದ್ದರೂ ಈಗ ಹೋಗುತ್ತಿರಲಿಲ್ಲ. ಮೇಘನಾ ಅವಳನ್ನು ಕಂಡವಳೇ ಓಡಿ ಬಂದಳು. ಅವಳ ಕೈಯಲ್ಲೊಂದು ಪ್ಲಾಸ್ಟಿಕ್ ಕವರಿತ್ತು.

"ರಂಜಿ ಕೈಲಿ ಕಳಿಸೋಣ ಅಂತಿದ್ದೆ, ನೀನೇ ಸಿಕ್ಕಿದೆ. ಮೈಸೂರಿಗೆ ಬೇಕಾಗುತ್ತಲ್ಲ, ನನ್ನ ಬಿಳಿ ಶೂ ಕಣೇ, ಸುಮ್ನೆ ಬಿದ್ದಿತ್ತು. ನಿನ್ನ ಕಾಲು ತನಗಿಂತ ಒಂದು ನಂಬರ್ ದೊಡ್ಡದು ಅಂತ ಇವಳೇ ಹೇಳಿದ್ದು, ಅಂದ್ರೆ ನನ್ನ ನಂಬರೇ."

ಚಾಮುಂಡಿ ಕವರಿನೊಳಗೆ ನೋಡಿದಳು. ಬೆಳ್ಳಗೆ ಪಾಲಿಷ್ ಮಾಡಿದ ಶೂ, ಲೇಸನ್ನು ಕೂಡ ತೊಳೆದು ಹಾಕಿದ್ದರು. ಎಷ್ಟು ಹೊತ್ತಿಗೆ ಹೇಳಿರಬಹುದು ಇವಳು ಆ ನಂಬರನ್ನು, ಸಿಟ್ಟಿಗೆ ಮೊದಲೋ ಆಮೇಲೋ. ಅದರ ಉತ್ತರ ಮುಖ್ಯವೆಂದು ಒಂದು ಕ್ಷಣ ಅನ್ನಿಸಿತು. ಶಿವರಂಜಿನಿ ಬೇರೆ ಕಡೆ ನೋಡುತ್ತಿದ್ದಳು. ಬೇಡವೆನ್ನಬೇಕು ಎಂದುಕೊಂಡ ಚಾಮುಂಡಿಯ ಕೈ ಕವರನ್ನು ತೆಗೆದುಕೊಂಡಿತ್ತು. ತ್ಯಾಂಕ್ಸು ಎಂದಳು. ಹಾಗೆ ಅನ್ನುವಾಗ ನಾಚಿಕೆಯಾಯಿತು, ಹೊಟ್ಟೆಕಿಚ್ಚೂ ಇನ್ನೂ ಅಲ್ಲೇ ಇತ್ತು, ಮತ್ತು ಮೇಘನಾ ಮೈಸೂರಿನಲ್ಲಿ ಚೆನ್ನಾಗಿ ಆಡು ಅಂದಾಗ ಆಗಲಿ ಎಂದು ನಕ್ಕದ್ದೂ ಸುಳ್ಳಿರಲಿಲ್ಲ. ಮೂರೂ ಒಟ್ಟಿಗೆ ಇರಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಜನ ಕಡಿಮೆ. ಶಿವರಂಜಿನಿ ಕಿಟಕಿಯ ಪಕ್ಕ ಕೂತಳು, ಚಾಮುಂಡಿ ಕೇಳದೆ ಅವಳ ಪಕ್ಕ ಕೂತಳು. ಊರು ದಾಟಿ, ಎರಡೂ ಕಡೆ ಬಿಡಿಸಿ ಮುಗಿದ ಹೂವಿನ ಹೊಲಗಳು, ಸೂರ್ಯಕಾಂತಿ, ಮತ್ತೆ ಹೂವಿನ ಹೊಲಗಳು ಹಿಂದೆ ಸರಿದವು. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ಕೂತಿತ್ತು. ಕಂಡಕ್ಟರು ಪಾಸು ನೋಡಿ ಹೋದ. ಆಮೇಲೆ ಶಿವರಂಜಿನಿ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಮಾತಾಡಿದಳು.

"ಯಾಕಮ್ಮಿ ಮೇಷ್ಟ್ರಿಗ ಯೋಳ್ದೆ?"

"ನಾ ಮುಟ್ಟಿದ್ದೆ. ನಿಂಗ ಗೊತ್ತಿಲ್ಲ..."

"ನಂಗ ಗೊತ್ತಿಲ್ವಾ? ನನ್ ಬೆನ್ನು ಕಣಮ್ಮಿ ಅದು." ಅವಳು ಈಗ ಇತ್ತ ತಿರುಗಿದಳು. "ನೀ ಖೋ ಅನ್ನಾಗಂಟ ನಾನು ಯಾವತ್ತು ಕಾದಿದ್ದೀನಿ? ಬೇರೇರಾದ್ರ ಕಾಯ್ತೀನಿ. ನಿನ್ ಕೈ ತಾಕುದ್ರ ಎದ್ಬುಡ್ತೀನಿ. ಆರನೇ ಕ್ಲಾಸಿಂದ್ಲೂ ಅಂಗೇಯ."

ಆ ಬಾಣದಂಥ ಏಳುವಿಕೆ, ಮೇಷ್ಟ್ರು ಮಜಾ ಎಂದದ್ದು, ತಾಲ್ಲೂಕು ಗೆದ್ದದ್ದು, ಎಲ್ಲದರ ಗುಟ್ಟೂ ಇಷ್ಟೇ ಎಂದು ಚಾಮುಂಡಿಗೆ ಈಗ ತಿಳಿಯಿತು. ಇವಳು ತನ್ನ ಮಾತಿಗೆ ಕಾಯುತ್ತಲೇ ಇರಲಿಲ್ಲ, ತನ್ನ ಕೈಯನ್ನು ನಂಬಿದ್ದಳು. ಮತ್ತೆ ಯಾಕೆ ಸುಮ್ಮನಿದ್ದೆ ಎಂದು ಚಾಮುಂಡಿ ಕೇಳಿದಳು. ಶಿವರಂಜಿನಿ ಮೊದಲ ದಿನ ಮೈಯೆಲ್ಲ ಉರಿದುಹೋಯಿತು ಎಂದಳು. ಅಪ್ಪ ಶಿವಮಲ್ಲು ದನದ ಆಸ್ಪತ್ರೆಯ ಕೆಲಸದಿಂದ ಬಂದವನೇ, ನಿನ್ನ ದೆಸೆಯಿಂದ ಸೋತರಂತೆ, ಇನ್ನು ಆಟಗೀಟ ಸಾಕು ಎಂದು ಅವಳ ಆಟದ ಚಡ್ಡಿಯನ್ನು ಅಟ್ಟಕ್ಕೆ ಎಸೆದಿದ್ದ. ಆಗ ಹೇಳಿಬಿಡಬೇಕು ಅನ್ನಿಸಿತ್ತಂತೆ. ಹೇಳಿದರೆ ಚಾಮುಂಡಿಯ ಹೆಸರೂ ಹೋಗುತ್ತದೆ, ಇಬ್ಬರದೂ ಹೋದರೆ ಯಾರಿಗೆ ಏನು ಸಿಕ್ಕಿತು ಎಂದು ಬಿಟ್ಟಳಂತೆ. "ನಮ್ಮಿಬ್ಬರಿಗೇ ಗೊತ್ತಿದ್ದದ್ದು ಈಗ ಅದೊಂದೇ ಇತ್ತು. ಅದ್ನೂ ಕ್ಲಾಸಿಗೆಲ್ಲ ಅಂಚ್ಬುಟ್ಟೆ ನೀನು."

ಆಮೇಲೆ ಶಿವರಂಜಿನಿ ತಗ್ಗಿದ ದನಿಯಲ್ಲಿ, ಯಾಕೆ ಹಾಗೆ ಮಾಡಿದೆ ಎಂದು ಕೇಳಿದಳು. ಈ ಪ್ರಶ್ನೆಗೆ ಚಾಮುಂಡಿ ಏನನ್ನೂ ಜೋಡಿಸಿಟ್ಟಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದಳು.

"ಅವ್ರ ಮನೇಲಿ ನೀನು ಫ್ರಿಜ್ಜು ತಗ್ದು ನೀರು ಕುಡ್ದೆ."

"ಏನು?"

"ಹುಟ್ಟಿದಬ್ಬದ ದಿನ. ಯಾರ್ನೂ ಕೇಳ್ದೆ ಕುಡ್ದೆ."

ಶಿವರಂಜಿನಿ ಅವಳನ್ನೇ ನೋಡಿದಳು. ನಗು ಬರುವ ಹಾಗಾಯಿತು, ಬರಲಿಲ್ಲ. "ಅದಕ್ಕಾ? ನಿಮ್ಮನೇಲೂ ಮಡಕೆ ನೀರ ನಾನು ಕೇಳ್ದೆ ಮೊಗ್ಕಂಡು ಕುಡೀತಿರ್ಲಿಲ್ವ?"

"ಅದಕ್ಕೇ ಕಣಮ್ಮಿ."

ಶಿವರಂಜಿನಿಯ ಕಣ್ಣು ತುಂಬಿದ್ದು, ಅದನ್ನವಳು ಕಿಟಕಿಯ ಗಾಳಿಯ ಮೇಲೆ ಹಾಕಿ ಒರೆಸಿಕೊಂಡದ್ದು ಚಾಮುಂಡಿಗೆ ಕಂಡಿತು. ತಾನೂ ಅತ್ತರೆ ಎಲ್ಲ ಮೊದಲಿನ ಹಾಗಾಗಬಹುದೇನೋ ಎಂದು ಅನ್ನಿಸಿತು. ಆದರೆ ಅಳು ಬರಲಿಲ್ಲ, ಬರಿಸಿಕೊಳ್ಳಲು ಮನಸ್ಸಾಗಲಿಲ್ಲ. ತೆರಕಣಾಂಬಿಯಲ್ಲಿ ಇಳಿದಾಗ ಬೆಳಕು ಇನ್ನೂ ಸ್ವಲ್ಪ ಇತ್ತು. ಹೊಲದಿಂದ ಬರುವ ದನಗಳ ಧೂಳಿನಲ್ಲಿ ಇಬ್ಬರೂ ದನದ ಆಸ್ಪತ್ರೆಯ ತಿರುವಿನ ತನಕ ನಡೆದರು. ಅಲ್ಲಿಂದ ಅವಳ ಮನೆ ಬಲಕ್ಕೆ, ಇವಳದು ಎಡಕ್ಕೆ. ಚಾಮುಂಡಿ ಎಡಕ್ಕೆ ತಿರುಗದೆ ಅವಳ ಜೊತೆಗೇ ಹೆಜ್ಜೆ ಹಾಕಿದಳು. ನಿಮ್ಮಪ್ಪನಿಗೂ ನಾನೇ ಹೇಳುತ್ತೇನೆ ಎಂದಳು.

"ಬ್ಯಾಡ."

"ಯೋಳ್ತೀನಿ ಕಣಮ್ಮಿ. ಆಟ ಬುಡಿಸ್ಬುಟ್ಟವ್ರಲ್ಲ."

"ನಮ್ಮಪ್ಪನ್ಗ ನಾ ಯೋಳ್ಕತೀನಿ. ಎಲ್ಲಾನೂ ನೀನೇ ಯೋಳ್ಬುಟ್ರ ನಂಗೇನು ಉಳೀತದ?"

ಚಾಮುಂಡಿ ನಿಂತಳು. ತನ್ನ ತಪ್ಪು ಪೂರ್ತಿ ತನ್ನದೇ ಎಂದು ಈ ಮೂರು ದಿನ ಅದನ್ನು ಎದೆಗವುಚಿಕೊಂಡು ತಿರುಗಿದ್ದಳು, ಅದರಲ್ಲಿ ಇನ್ನೊಬ್ಬರ ಪಾಲೂ ಇರಬಹುದೆಂದು ನೆನೆದೇ ಇರಲಿಲ್ಲ. ಶಿವರಂಜಿನಿ ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ನಾಳೆಯೂ ತಾನು ಏಳೂಮುಕ್ಕಾಲಿನ ಬಸ್ಸಿಗೇ ಹೋಗುವುದು, ಕಾಯಬೇಡ ಎಂದಳು. ಹೂಂ ಎಂದಳು ಚಾಮುಂಡಿ. ಶೂ ಹಾಕಿಕೊಂಡು ಓಡಿ ಅಭ್ಯಾಸ ಮಾಡು, ಮೊದಲು ಜಾರುತ್ತದೆ, ಹಿಮ್ಮಡಿಗೆ ಬಟ್ಟೆ ಇಟ್ಟುಕೊ ಎಂದಳು ಶಿವರಂಜಿನಿ. ಅದಕ್ಕೂ ಹೂಂ. ಬತ್ತೀನಿ ಎಂದು ಅವಳು ಹೊರಟಳು. ನಾಲ್ಕು ಹೆಜ್ಜೆ ಹೋಗಿ ಅಲ್ಲಿಂದಲೇ ಹೇಳಿದಳು. "ಸನಿವಾರ ಕೋಟೆ ತಾವ ಬತ್ತೀನಿ. ಒಬ್ಳೇ ಯಾರ್ನ ಅಟ್ಟಿಯೇ ನೀನು." ಬೇರೆ ದಿನಗಳ ಬಗ್ಗೆ ಏನೂ ಹೇಳಲಿಲ್ಲ. ಹೇಳುವುದಿಲ್ಲವೆಂದು ಚಾಮುಂಡಿಗೂ ತಿಳಿಯಿತು, ಒಂದು ಶನಿವಾರವೆಂದರೆ ಒಂದು ಶನಿವಾರವಷ್ಟೇ.

ಮನೆಯಲ್ಲಿ ಅಜ್ಜಿ ಮಲ್ಲಮ್ಮ ಹೊಸಿಲ ಮೇಲೆ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ಯಾಕವ್ವ ಇಷ್ಟು ಹೊತ್ತು ಎಂದಳು. ರಂಜಿ ಜೊತೆ ಬಂದೆ ಎಂದಳು ಚಾಮುಂಡಿ. ಅಜ್ಜಿಯ ಕೈ ನಿಂತಿತು. ಮೂರು ತಿಂಗಳಿನಿಂದ ಆ ಹುಡುಗಿ ಈ ಹೊಸಿಲು ತುಳಿದಿರಲಿಲ್ಲ ಎನ್ನುವುದನ್ನು ಮನೆಯಲ್ಲಿ ಎಲ್ಲರಿಗಿಂತ ಮೊದಲು ಗಮನಿಸಿ, ಎಲ್ಲರಿಗಿಂತ ಹೆಚ್ಚು ದಿನ ಸುಮ್ಮನಿದ್ದವಳು ಅವಳೇ.

"ಮೊದ್ಲಂಗ ಆದಿರೇನವ್ವ ಇಬ್ರೂವೆ?"

ಚಾಮುಂಡಿ ಯೋಚಿಸಿದಳು. ಹೂಂ ಎಂದರೆ ಅಜ್ಜಿಗೆ ಸಂತೋಷವಾಗುತ್ತಿತ್ತು.

"ಇಲ್ಲ ಕಣಜ್ಜಿ. ಮಾತಾಡ್ದೊ."

ಅಜ್ಜಿ ಮಡಿಲಿನ ಸಿಪ್ಪೆಯನ್ನೆಲ್ಲ ಒಂದು ಕಡೆಗೆ ಒತ್ತರಿಸಿ, ಪಕ್ಕದಲ್ಲಿ ಅವಳಿಗೆ ಜಾಗ ಮಾಡಿದಳು.

"ಸಾಕು ಬುಡು. ಕೂತ್ಕೊ ಬಾ."